ಇಲ್ಯಾರಿಯ ಎಡಗಿವಿಯ ಮೇಲೆ

ಕಾಲಡಿ ಆಲೂಗಡ್ಡೆ ಪಿಚಕ್ಕೆಂದಿತು, ಜೂನ್ ತಿಂಗಳ ಬೆಳಿಗ್ಗೆ, ಈ ಬೆಟ್ಟದೂರಿಗೆ ಅದೇ ನಡುಚಳಿಗಾಲ, ಬಿಸಿಲು ಈಗಷ್ಟೇ ಗುಡ್ಡ ಇಳಿದಿದೆ, ಇರುಳೆಲ್ಲ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ್ದ ಗಡ್ಡೆಗಳನ್ನು, ಒಣಗಿಸಿ ವರ್ಷಕ್ಕೆ ಕೂಡಿಡಲೆಂದು, ಯೂಸೇಬಿಯಾ ಬರಿಗಾಲಲ್ಲಿ ತುಳಿಯುತ್ತಿದ್ದಾಳೆ, ನೀರು ಹಿಂಡಿಕೊಂಡು ಸಿಪ್ಪೆ ಕಳಚಿ ಒಳಗಿನ ಬಿಳಿ ಕಾಣುತ್ತದೆ — ಬೇಡ, ಆ ಬಿಳಿ ನೋಡುವುದೇ ಬೇಡ, ತುಳಿಯಬೇಕು, ಕೆಮ್ಮು ಬಂದರೆ ಹೊದ್ದ ಶಾಲಿಗೆ ಕೆಮ್ಮಿ ಕೆಂಪನ್ನು ಮಡಚಿಬಿಡಬೇಕು, ಮಗುವಿಗೆ ಕಾಣಬಾರದು. ಅವಳೂ ಇಲ್ಲೇ ತುಳಿದಳಲ್ಲ, ಇಂಗ್ರಿಡ್, ಕಡಲಾಚೆಯವಳು, ಊರು ನೋಡಬರುವ ಪ್ರವಾಸಿಗರನ್ನು ಮನೆಮನೆಗೆ ಹಂಚುವ ಸರದಿಯ ಮೇಲೆ ತನ್ನ ಮನೆಗೆ ಬಂದ ಅತಿಥಿ, ಹನ್ನೆರಡು ದಿನ ಉಂಡು ಮಲಗಿದವಳು, ಚಳಿಗೆ ಕುಣಿಕುಣಿದು ನಗುತ್ತಿದ್ದಳು, ಪಕ್ಕದ ಮನೆಯ ಗ್ರೆಗೋರಿಯಾ ಬಿದ್ದುಬಿದ್ದು ನಕ್ಕಳು, ನೋಡೇ ಅಕ್ಕಾ, ಬೆಣ್ಣೆಗಾಲು, ಇವಳು ಗಡ್ಡೆ ತುಳೀತಾಳೋ ಗಡ್ಡೇನೇ ಇವಳನ್ನ ತುಳಿಯುತ್ತೋ, ಆದರೆ ಮೊಮ್ಮಗಳು ಇಲ್ಯಾರಿ ಯಾರ ತೊಡೆಗೂ ಹೋಗದವಳು ಅವಳ ತೊಡೆ ಹತ್ತಿದಳು, ಮೂರು ವರ್ಷ ಕತ್ತರಿ ಕಾಣದ ಕೂದಲನ್ನು ಆ ಹೆಂಗಸು ಬೆರಳಲ್ಲೇ ಬಿಡಿಸಿದಳು, ಆಗ ಹೊಕ್ಕಿತು ಆಸೆ, ಮಗುವನ್ನು ಹೆತ್ತವಳು ಹೆರಿಗೆಯಲ್ಲೇ ಹೋದಳು, ಅಪ್ಪನಿಗೆ ಗಣಿಯೂರಿನಲ್ಲಿ ಬೇರೆ ಸಂಸಾರ, ಇನ್ನು ತಾನು — ಮುಂದಿನ ಹಿಮ ಕಾಣುವವಳಲ್ಲ. ಗ್ರೆಗೋರಿಯಾ ಹೋದ ಸುಗ್ಗಿಯಲ್ಲೇ ಕೇಳಿದ್ದಳು, ಅಕ್ಕಾ, ಮೊದಲ ಕೂದಲು ನಾನು ಕತ್ತರಿಸ್ತೀನಿ ಕಣೇ, ನನ್ನ ನಾಲ್ಕರ ಜತೆ ಐದನೇದಾಗ್ಲಿ, ನೋಡೋಣ ಬಿಡೇ ಅಂದಿದ್ದಳು ತಾನು, ಗ್ರೆಗೋರಿಯಾಳ ಮನೆ ಸೂರು ಸೋರುತ್ತದೆ, ನಾಲ್ಕು ಮಕ್ಕಳಿಗೆ ಎರಡು ಹೊದಿಕೆ, ಅದಕ್ಕೇ ಅಲ್ಲವೇ ತಟ್ಟೆಯಲ್ಲಿ ಶುಭಕಾರ್ಯಕ್ಕೆ ಇಡುವ ಕೋಕಾ ಎಲೆ ಹರಡಿ, ಹೂವಿಟ್ಟು, ಕೆಂಪು ದಾರ ಸುತ್ತಿದ ಕತ್ತರಿಯನ್ನು ಇಂಗ್ರಿಡ್ ಮುಂದೆ ಹಿಡಿದದ್ದು. ಅವಳು ತೆಗೆದುಕೊಂಡಳು. ಮೊದಲ ಕೂದಲಿಗೆ ಕತ್ತರಿ ಹಿಡಿದವರು ಆ ಮಗುವಿಗೆ ಎರಡನೇ ತಾಯಿ, ಮುಂದೆ ಸಾಕುವ ಹೊಣೆ ಅವರದೇ, ಅದನ್ನೂ ಬಿಡಿಸಿ ಹೇಳಬೇಕೇ — ಹೇಳಬೇಕಿತ್ತು, ಯೂಸೇಬಿಯಾ, ಅವಳಿಗೆ ತಿಳಿಯದೆಂದು ನಿನಗೆ ಚೆನ್ನಾಗಿ ತಿಳಿದಿತ್ತು, ಹೇಳಿದರೆ ಎಲ್ಲಿ ಕೈ ಹಿಂದೆಗೆಯುತ್ತಾಳೋ ಎಂದು ಬಾಯಿ ಹೊಲಿದುಕೊಂಡೆ. ಎಡಗಿವಿಯ ಮೇಲಿಂದ ಒಂದೇ ಕುಚ್ಚು, ಬುಡದವರೆಗೆ, ಕಚ್ಚೆಂದಿತು, ಅವಳು ಮಗುವಿಗೆ ಮುತ್ತಿಟ್ಟು ಆ ಕೂದಲನ್ನು ತನ್ನ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡಳು, ಒಣಗಿಸುವ ಹೂವಿನ ಹಾಗೆ, ನೆನಪಿಗಂತೆ. ನಿನ್ನೆ ಗ್ರೆಗೋರಿಯಾಳ ಬಾಗಿಲಲ್ಲಿ ನಿಂತು, ತಂಗೀ, ಮಿಕ್ಕದ್ದನ್ನ ನೀನು ಕತ್ತರಿಸೇ ಎಂದರೆ ಅವಳು ನೂಲು ನೂಲುತ್ತಲೇ, ಕಣ್ಣೆತ್ತದೆ, ಆಗ ನಾನು ಕೇಳ್ದಾಗ ನನ್ನ ಕೈ ಕೊಳೆಯಾಗಿತ್ತಲ್ಲಕ್ಕಾ, ಈಗ ಮೊದಲ ಕೈ ಬೇರೇದಾಯ್ತು, ಅದರ ಮೇಲೆ ನಾನು ಕೈ ಇಟ್ರೆ ಮಗು ಉಳಿಯಲ್ಲ, ಗೊತ್ತಿದ್ದೂ ಕೇಳ್ತೀಯಲ್ಲ ಎಂದಳು, ಅಷ್ಟು ಹೇಳಿ ಅತ್ತಳು, ಆಮೇಲೆ ಬಾಗಿಲು ಹಾಕಿಕೊಂಡಳು. ಬಿಸಿಲು ಏರಿತು, ಅಜ್ಜೀ, ಇಂಗಿ ಯಾವಾಗ ಬತ್ತಾಳೆ, ತುಳಿ, ತುಳಿಯುತ್ತಿರು, ಅಜ್ಜೀ, ಮಗು ಬಂದು ಲಂಗ ಹಿಡಿದು ತಲೆ ಒರಗಿಸಿತು, ಗುರುವಾರ ಹೋದಳು ಕಂದಾ, ಇಂಗ್ರಿಡ್, ಗುರುವಾರ, ಸಂತೆಯ ಲಾರಿಯಲ್ಲಿ ಕೈ ಬೀಸುತ್ತಾ — ಮಗುವಿನ ಎಡಗಿವಿಯ ಮೇಲೆ ಕೂದಲಿಲ್ಲದ ಬೆರಳಗಲ ಬಿಳಿ, ಸಿಪ್ಪೆ ಕಳಚಿದ ಗಡ್ಡೆಯಂತೆ, ಬೆರಳಗಲ ಬಿಳಿ.