ಜುಬೇರ ಬೇಡವೆಂದ ಸೈಲೆನ್ಸರ್

"ತೂಕ ಕಡಿಮಿ ಆಗ್ತದ ಅಂತಿ, ಖರೆ. ಆದ್ರ ಲೀಟರಿಗೆ ಐದು ಕಿಲೋಮೀಟರ್ ಹೊಡತ ಬೀಳ್ತದ, ಅದನ್ನ್ಯಾಕ ಹೇಳವಲ್ಲಿ?" ಎಂದು ಜುಬೇರ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕೇಳಿದ.

ಗುಡೂರಿನ ಬಸ್ ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ನಾಲ್ಕು ತಗಡು ಹೊದಿಸಿದ್ದೇ ಜುಬೇರನ ಗ್ಯಾರೇಜು. ಅವನ ಮುಂದೆ ಹಣಮೇಶ ಹೊಸ ಸೈಲೆನ್ಸರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ. ಇಳಕಲ್ಲಿನಲ್ಲಿ ಕೊಂಡದ್ದು. ಉದ್ದ ಒಂದು ಮೊಳವೂ ಇಲ್ಲ, ಬಾಯಿ ಮಾತ್ರ ತಂಬಿಗೆಯಷ್ಟು ಅಗಲ. ಜುಬೇರ ಅದನ್ನು ಇನ್ನೂ ಮುಟ್ಟಿರಲಿಲ್ಲ.

ಅರ್ಧ ತಾಸಿನಿಂದ ಇದೇ ವಾದ ನಡೆದಿತ್ತು. ಹಿಂದಿನಿಂದ ಬರುವ ಕಲ್ಲಿನ ಲಾರಿಗಳಿಗೆ ಮುಂದೊಂದು ಬೈಕ್ ಇದೆಯೆಂದು ಗೊತ್ತಾಗುತ್ತದೆ ಎಂದು ಹಣಮೇಶ ಹೇಳಿದ. ಲಾರಿಯವನು ಹಾಡು ಹಚ್ಚಿಕೊಂಡು ಕೂತಿರುತ್ತಾನೆ, ಅವನಿಗೇನು ಕೇಳುತ್ತದೆ, ಕೇಳುವುದು ಪೊಲೀಸರಿಗೆ ಎಂದು ಜುಬೇರ ಹೇಳಿದ. ಹಿಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹಾಯಿಸುವ ವಿಡಿಯೊ ಅವನ ಫೋನಿನಲ್ಲಿತ್ತು, ಅದನ್ನೂ ತೋರಿಸಿದ. ಇಂಜಿನ್ನಿನ ಉಸಿರು ಸಡಿಲಾಗಿ ಎಳೆತ ಹೆಚ್ಚುತ್ತದಂತಲ್ಲ ಎಂದರೆ, ನೂರು ಸಿಸಿ ಗಾಡಿಗೆ ಎಂಥ ಎಳೆತ, ಎಮ್ಮೆಗೆ ಲಾಳ ಬಡಿದರೆ ಕುದುರೆಯಾಗುತ್ತದೆಯೇ ಎಂದು ನಕ್ಕ. ಹಿಂದೆ ಕೂತ ಹೆಂಡತಿಯ ಕಾಲು ಸುಡುತ್ತದೆ ಎಂದ. ಮೂವತ್ತೆರಡು ವರ್ಷದ, ಎರಡು ಮಕ್ಕಳ ತಂದೆಗೆ ಕಾಲೇಜು ಹುಡುಗರ ಹುಚ್ಚು ಯಾಕೆ ಎಂದೂ ಕೇಳಿಯೇ ಬಿಟ್ಟ.

ಹಣಮೇಶ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಆಡಿಸಬಾರದ ಕಡೆಯೂ ಆಡಿಸುತ್ತಿದ್ದ. ಕೊನೆಗೆ "ಹಚ್ಚು" ಎಂದ.

ನಿಜವಾದ ಕಾರಣವನ್ನು ಅವನು ಹೇಳಿರಲಿಲ್ಲ, ಹೇಳುವವನೂ ಅಲ್ಲ. ಅವನಿಗೆ ತನ್ನ ಗಾಡಿಯ ಸಪ್ಪಳ ಕೇಳಿಸುತ್ತಿರಲಿಲ್ಲ.

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಅವನು ಎಂಟು ವರ್ಷದಿಂದ ಕಲ್ಲು ಕೊಯ್ಯುವ ಮಶೀನಿನ ಮೇಲಿದ್ದ. ಅಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಆಡಿದರೂ ಕೇಳುವುದಿಲ್ಲ. ನೀರು ಬಿಡು ಎಂದರೆ ಒಂದು ಬೆರಳು, ನಿಲ್ಲಿಸು ಎಂದರೆ ಅಂಗೈ, ಊಟಕ್ಕೆ ಏಳು ಎಂದರೆ ಹೊಟ್ಟೆಯ ಮೇಲೊಂದು ತಟ್ಟು. ಹೀಗೆ ದಿನವಿಡೀ ಕೈಯಲ್ಲೇ ಮಾತಾಡುವ ಜಾಗದಲ್ಲಿ ಒಬ್ಬನ ಕಿವಿ ಹೋದದ್ದು ಯಾರಿಗೆ ತಿಳಿಯಬೇಕು? ಮೊದಮೊದಲು ಅವನಿಗೇ ತಿಳಿದಿರಲಿಲ್ಲ. ತಿಳಿದದ್ದು ಪೆಟ್ರೋಲ್ ಬಂಕಿನಲ್ಲಿ, ಚಾಲೂ ಇದ್ದ ಗಾಡಿಗೆ ಮತ್ತೊಮ್ಮೆ ಸೆಲ್ಫ್ ಒತ್ತಿ, ಅದು ಕರಕರ ಹಲ್ಲು ಕಡಿದು, ಸುತ್ತಲಿನವರೆಲ್ಲ ನಕ್ಕಾಗ. ಅವನೂ ಅವರ ಜೊತೆ ನಕ್ಕಿದ್ದ. ಅದಾದ ಮೇಲೆ ಎಷ್ಟೋ ದಿನ ಗುಡೂರಿನಿಂದ ಇಳಕಲ್ಲಿನವರೆಗೆ ಮೂರನೆಯ ಗೇರಿನಲ್ಲೇ ಹೋಗಿಬಿಡುತ್ತಿದ್ದ, ಇಂಜಿನ್ ಚೀರುತ್ತಿದ್ದರೂ ಗೊತ್ತಾಗುತ್ತಿರಲಿಲ್ಲ.

ಹೇಳಿಕೊಂಡರೆ ಆಗುವುದೇನೆಂದು ಅವನು ಕಣ್ಣಾರೆ ಕಂಡಿದ್ದ. ಪಕ್ಕದ ಮಶೀನಿನ ಚಮನಸಾಬನಿಗೆ ಕಿವಿ ಮಂದವಾಗಿದೆ ಎಂದು ತಿಳಿದ ದಿನವೇ ಮೇಸ್ತ್ರಿ ಅಂದಾನಪ್ಪ ಅವನನ್ನು ಕೆಳಗಿಳಿಸಿ ಕಲ್ಲಿನ ರಾಡಿ ಬಳಿಯಲು ಹಾಕಿದ್ದ. ಗರಗಸದ ದನಿ ಬದಲಾದದ್ದು ಕೇಳಬೇಕು, ಕೇಳದವನ ಕೈಗೆ ಮಶೀನು ಕೊಟ್ಟರೆ ಒಂದಲ್ಲ ಒಂದು ದಿನ ಯಾರದಾದರೂ ಕೈ ಹೋಗುತ್ತದೆ ಎಂಬುದು ಅಂದಾನಪ್ಪನ ಮಾತು. ತಪ್ಪು ಮಾತೇನಲ್ಲ. ಅವನೂ ಗುಡೂರಿನವನೇ, ಎದುರು ಸಿಕ್ಕಾಗಲೆಲ್ಲ ಹಣಮೇಶ ಅವನ ತುಟಿಯನ್ನೇ ನೋಡಿ ಉತ್ತರ ಕೊಡುತ್ತಿದ್ದ. ಮಶೀನಿನ ಮೈಮೇಲೆ ಅಂಗೈ ಇಟ್ಟು ನಡುಕದ ಮೇಲೆಯೇ ಗರಗಸದ ಸುಖದುಃಖ ತಿಳಿಯುವುದನ್ನು ಕಲಿತಿದ್ದ. ಚಮನಸಾಬನನ್ನು ಕಾರ್ಖಾನೆಯಲ್ಲಿ ಈಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಕಿವುಡ ಎನ್ನುತ್ತಾರೆ, ಅದೂ ಅವನ ಎದುರಿಗೇ.

ಜುಬೇರ ಗೊಣಗುತ್ತಲೇ ಹಳೆಯದನ್ನು ಬಿಚ್ಚಿ ಹೊಸದನ್ನು ಹಚ್ಚಿದ. ಕಿಕ್ ಹೊಡೆದಾಗ ಬೇವಿನ ಮರದ ಕಾಗೆಗಳೆಲ್ಲ ಎದ್ದವು, ಚಹಾದಂಗಡಿಯಿಂದ ಯಾರೋ ತಾಯಿ ಹಿಡಿದು ಬೈದರು. ಹಣಮೇಶನಿಗೆ ಇಂಜಿನ್ ಕೇಳಿಸಿತು. ಗೋಡೆಯ ಆಚೆ ಯಾರೋ ಮಾತಾಡಿದಷ್ಟು, ಅಷ್ಟೇ. ಆದರೂ ಅವನ ಮುಖ ಅರಳಿತು. ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಊರಿಕೊಂಡು ಎರಡು ಸಲ ಆಕ್ಸಿಲೇಟರ್ ತಿರುವಿದ. ಕಿವಿ ಮುಚ್ಚಿಕೊಂಡು ನಿಂತ ಜುಬೇರ ಆ ಅಂಗೈಯನ್ನೇ ನೋಡಿದ, ಆಮೇಲೆ ಅವನ ಮುಖವನ್ನು ನೋಡಿದ.

ಹೆಂಡತಿ ಜಯಶ್ರೀ ಮೊದಲ ದಿನವೇ ಮುಖ ಸಿಂಡರಿಸಿದಳು. ಓಣಿಯ ಹೆಂಗಸರು ನಿನ್ನ ಗಂಡ ಬಂದ ನೋಡು ಎಂದು ಊರ ಹೊರಗಿನ ತಿರುವಿನಿಂದಲೇ ಹೇಳುತ್ತಾರೆ, ತೊಟ್ಟಿಲಲ್ಲಿ ಮಲಗಿದ ಕೂಸು ಬೆಚ್ಚಿ ಬೀಳುತ್ತದೆ ಎಂದಳು. ಅವನು ಲಾರಿಗಳ ಕಥೆ ಹೇಳಿದ. ಆಕೆ ನಂಬಲಿಲ್ಲ. "ನಾ ನಿನ್ನ ಗಾಡಿ ಮ್ಯಾಲ ಕುಂಡ್ರಂಗಿಲ್ಲ. ಮಂದಿ ನೋಡ್ತಾರ," ಎಂದವಳು ಆ ವಾರ ಇಳಕಲ್ ಸಂತೆಗೆ ಟಂಟಂ ಆಟೋದಲ್ಲಿ ಹೋದಳು. ಅವನು ಅದೇ ಟಂಟಂ ಹಿಂದೆ ಒಬ್ಬನೇ ಗಾಡಿ ಹೊಡೆದುಕೊಂಡು ಹೋದ. ಆಕೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನಿಗೆ ಕೆಟ್ಟೆನಿಸಿತು, ಆದರೆ ಗೇರು ಮಾತ್ರ ಸರಿಯಾಗಿ ಬೀಳುತ್ತಿತ್ತು.

ಅದು ನಡೆದದ್ದು ಹದಿನೈದು ದಿನದ ಮೇಲೆ, ಮಂಗಳವಾರ ಇಳಿಹೊತ್ತಿನಲ್ಲಿ. ಕೆಲಸ ಬಿಟ್ಟು ಊರಿಗೆ ಬರುತ್ತಿದ್ದ, ಮುಳುಗುವ ಸೂರ್ಯ ನೆಟ್ಟಗೆ ಕಣ್ಣಿಗೇ ಹೊಡೆಯುತ್ತಿದ್ದ. ಊರು ಇನ್ನೊಂದು ಮೈಲಿ ಇರುವಾಗ ರಸ್ತೆ ತಿರುಗಿ ಸಣ್ಣದೊಂದು ಸೇತುವೆ ದಾಟುತ್ತದೆ. ಆ ಸೇತುವೆಯ ಮೇಲೆ ಅವನ ಕಾಕಾ ಹುಲ್ಲಪ್ಪ ಅರವತ್ತು ಕುರಿ ಹೊಡೆದುಕೊಂಡು ಹೊರಟಿದ್ದ.

ಕುರುಬರ ದೇವರು ಬೀರಪ್ಪನ ಒಕ್ಕಲಿನ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂಡಿನ ಹಿಂದೆ ಬಂದರೆ ಗಾಡಿ ಬಂದ್ ಮಾಡಬೇಕು, ಇಳಿಯಬೇಕು, ಕುರಿಗಳು ತಾವಾಗಿ ಅಂಚಿಗೆ ಸರಿಯುವ ತನಕ ನಿಲ್ಲಬೇಕು. ಗಬ್ಬದ ಕುರಿಗಳಿದ್ದರಂತೂ ಕೆಮ್ಮಲೂಬಾರದು. ಅಪ್ಪ ಸತ್ತ ಮೇಲೆ ಹಣಮೇಶ ಬೆಳೆದದ್ದೇ ಈ ಹುಲ್ಲಪ್ಪನ ಹಿಂಡಿನಲ್ಲಿ. ಒಂದು ಉದ್ದ ಸಿಳ್ಳೆ ಕುರಿಗೆ, ಎರಡು ಗಿಡ್ಡ ಸಿಳ್ಳೆ ಮನುಷ್ಯರಿಗೆ, ನಿಲ್ಲು ಅಂತ. ಬಾಯಲ್ಲಿ ಎರಡು ಬೆರಳಿಟ್ಟು ಅದನ್ನು ಊದುವುದನ್ನು ಕಲಿಸಿದವನೂ ಹುಲ್ಲಪ್ಪನೇ.

ಆ ದಿನ ಹುಲ್ಲಪ್ಪ ದೂರದಿಂದಲೇ ಆ ಭಡಭಡ ಕೇಳಿ ಎರಡು ಗಿಡ್ಡ ಸಿಳ್ಳೆ ಊದಿದ. ಮತ್ತೆ ಊದಿದ. ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರೂ ಎದ್ದು ನಿಂತು ನೋಡಿದರಂತೆ. ಮೂರನೆಯ ಸಲ ಊದುವಷ್ಟರಲ್ಲಿ ಹಣಮೇಶ ತಿರುವು ದಾಟಿ ಹಿಂಡಿನ ಬೆನ್ನಿಗೇ ಬಂದಿದ್ದ. ಕಿವಿ ಹೋಗುವಾಗ ಸಿಳ್ಳೆಯಂಥ ಚೂಪು ದನಿಗಳೇ ಮೊದಲು ಹೋಗುತ್ತವೆ. ಉಳಿದ ಚೂರುಪಾರನ್ನು ಸೈಲೆನ್ಸರ್ ನುಂಗಿತ್ತು. ಅವನು ಬ್ರೇಕ್ ಹಿಡಿದ, ಒಂದು ಕುರಿಗೂ ತಾಕಲಿಲ್ಲ. ಆದರೆ ಸಪ್ಪಳಕ್ಕೆ ಬೆದರಿದ ಮುಂದಿನ ಕುರಿಯೊಂದು ಸೇತುವೆಯ ಗಿಡ್ಡ ಗೋಡೆ ಹಾರಿತು. ಒಂದು ಹಾರಿದ ಮೇಲೆ ಕುರಿ ಕೇಳಬೇಕೇ? ಇಪ್ಪತ್ತೋ ಮೂವತ್ತೋ ಒಂದರ ಹಿಂದೊಂದು ಕೆಳಗಿನ ಕಲ್ಲುಗಳ ಮೇಲೆ ಬಿದ್ದವು.

ಇಬ್ಬರೂ ಕೆಳಗಿಳಿದು ಒಂದೊಂದನ್ನೇ ಎತ್ತಿ ಮೇಲೆ ತಂದರು. ಎರಡರ ಕಾಲು ಮುರಿದಿತ್ತು. ಗಬ್ಬದವು ಒಂಬತ್ತಿದ್ದವು, ಎದ್ದು ನಿಂತರೂ ಹೊಟ್ಟೆ ಅದುರುತ್ತಿತ್ತು. ಹುಲ್ಲಪ್ಪ ಬೈಯಲಿಲ್ಲ, ಕೋಲೆತ್ತಲಿಲ್ಲ. ಹಣಮೇಶನ ಭುಜ ಹಿಡಿದು ಹತ್ತಿರ ಎಳೆದು, ಕಿವಿಯ ಬಳಿಯೇ ಬಾಯಿಟ್ಟು ಒಂದೇ ಮಾತು ಕೇಳಿದ.

"ಸಿಳ್ಳು ಕೇಳಿಸಲಿಲ್ಲೇನೋ?"

ಅಷ್ಟು ಹತ್ತಿರದಿಂದ ಕೇಳಿದ್ದರಿಂದ ಅದು ಹಣಮೇಶನಿಗೆ ಕೇಳಿಸಿತು. ಇಲ್ಲ ಎನ್ನಲು ಬಾಯಿ ತೆರೆದ. ರಾಡಿ ಬಳಿಯುವ ಚಮನಸಾಬ ಕಣ್ಣೆದುರು ಬಂದ. ಹೊಲದ ಹೆಂಗಸರು ಬದುವಿನ ಮೇಲೆ ನಿಂತು ನೋಡುತ್ತಿದ್ದರು.

"ಕೇಳಿಸ್ತು," ಎಂದ.

ಹುಲ್ಲಪ್ಪ ಭುಜ ಬಿಟ್ಟ. ಕಾಲು ಮುರಿದ ಕುರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಹಿಂಡಿನ ಹಿಂದೆ ನಡೆದುಬಿಟ್ಟ.

ಶುಕ್ರವಾರದೊಳಗೆ ಐದು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಸಿಳ್ಳೆ ಕೇಳಿಯೂ ಗಾಡಿ ಹೊಡೆದನಂತೆ, ಎಂಥ ಸೊಕ್ಕಿರಬೇಕು ಎಂದು ಊರು ಆಡಿಕೊಂಡಿತು. ಉಂಡ ಮನೆಯ ಜಂತಿ ಎಣಿಸುವವನು ಎಂದರು. ಜಯಶ್ರೀ ಕುಡಿಯುವ ನೀರಿಗೆ ಹೋಗಿ ಖಾಲಿ ಕೊಡ ತಂದಳು, ಅಲ್ಲಿ ನಿಲ್ಲಲಾಗಲಿಲ್ಲ ಎಂದಷ್ಟೇ ಹೇಳಿದಳು. ಹಣಮೇಶ ರೊಟ್ಟಿಯ ಮುಂದೆ ಕುಳಿತಿದ್ದ. ಸೊಕ್ಕಿನವನು ಎನಿಸಿಕೊಳ್ಳುವುದು ಕಿವುಡ ಎನಿಸಿಕೊಳ್ಳುವುದಕ್ಕಿಂತ ಹಗುರ ಎಂದು ಸೇತುವೆಯ ಕೆಳಗೆ ಅನ್ನಿಸಿತ್ತು. ಈಗ ಎರಡನ್ನೂ ತೂಗಿ ನೋಡುತ್ತಿದ್ದ. ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಚಾಲೂ ಮಾಡದೆ ನೂಕಿಕೊಂಡು ಗ್ಯಾರೇಜಿಗೆ ಬಂದ. ಬಿಚ್ಚು ಎಂದ. ಜುಬೇರ ಕುಳಿತು ನಟ್ಟಿಗೆ ಎಣ್ಣೆ ಬಿಟ್ಟ. ಹಣಮೇಶ ಮರದ ಬೊಡ್ಡೆಗೆ ಒರಗಿ ಕುಳಿತ. ಬಾದಾಮಿ ಬಸ್ಸಿಗೆ ಕಾದವರು ಹತ್ತಾರು ಜನ ಇದ್ದರು. ಚಹಾದಂಗಡಿಯ ಬೆಂಚಿನ ಮೇಲೆ ಮೇಸ್ತ್ರಿ ಅಂದಾನಪ್ಪ ಪೇಪರ್ ಓದುತ್ತಿದ್ದ.

ಹುಲ್ಲಪ್ಪ ಯಾವಾಗ ಬಂದನೋ ಹಣಮೇಶನಿಗೆ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ಅವನು ಜುಬೇರನ ಎದುರು ನಿಂತಿದ್ದ, ಹಿಂದೆ ಇನ್ನೂ ಮೂರು ಜನ. ಅವನ ಪೊದೆಮೀಸೆ ಅಲುಗುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಏನು ಹೇಳುತ್ತಿದ್ದಾನೆಂದು ಹಣಮೇಶನಿಗೆ ಗೊತ್ತು ಹತ್ತಲಿಲ್ಲ. ಹುಲ್ಲಪ್ಪ ಹೇಳುತ್ತಿದ್ದದ್ದು ಇಷ್ಟು: ನಮ್ಮ ಹುಡುಗ ಒಳ್ಳೆಯವನಿದ್ದ, ಇಂಥದ್ದನ್ನು ಹಚ್ಚಿ ಅವನ ತಲೆ ಕೆಡಿಸಿದವನು ನೀನು, ಹಚ್ಚುವಾಗ ನಿನಗಾದರೂ ಬುದ್ಧಿ ಇರಬಾರದೇ. ಹಿಂದಿನವರು ಅದಕ್ಕೆ ಇನ್ನಷ್ಟು ಸೇರಿಸಿ, ಈ ಗ್ಯಾರೇಜನ್ನೇ ಇಲ್ಲಿಂದ ಎಬ್ಬಿಸಬೇಕು ಎಂದರು.

ಜುಬೇರನ ಮುಖ ಮಾತ್ರ ಹಣಮೇಶನ ಕಡೆಗಿತ್ತು. ನಾನು ಬೇಡವೆಂದೆ, ಅರ್ಧ ತಾಸು ಬಡಿದುಕೊಂಡೆ ಎಂದು ಅವನು ಹೇಳಬಹುದಿತ್ತು. ಇವನಿಗೆ ಕಿವಿ ಕೇಳುವುದಿಲ್ಲ, ಅವತ್ತೇ ಕಂಡುಕೊಂಡೆ ಎಂದೂ ಹೇಳಬಹುದಿತ್ತು. ಅವನು ಒಮ್ಮೆ ಹಣಮೇಶನನ್ನು ನೋಡಿ, ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನ ತುಟಿಗಳು ಸ್ಪಷ್ಟವಾಗಿ ಕಂಡವು.

"ತಪ್ಪಾತ್ರಿ ಕಾಕಾ," ಎಂದ ಜುಬೇರ.

ಹಣಮೇಶನಿಗೆ ನಾಚಿಕೆಯಾಯಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದ. ಎದ್ದು ಹೋಗಿ ಹುಲ್ಲಪ್ಪನ ಪಕ್ಕದಲ್ಲಿ ನಿಂತ. ಹಿಂದೆ ನಿಂತ ಮೂವರಿಗೂ ಕೇಳಬಾರದು, ಕಾಕಾ ಒಬ್ಬನಿಗೇ ಹೇಳಿದರೆ ಸಾಕು ಎಂದುಕೊಂಡು ಅವನ ಕಿವಿಯ ಬಳಿ ಬಾಗಿದ. ಗುಟ್ಟಾಗಿ ಹೇಳುತ್ತಿದ್ದೇನೆ ಎಂದೇ ತಿಳಿದು ಹೇಳಿದ.

"ಕಾಕಾ, ಜುಬೇರನ್ದೇನೂ ತಪ್ಪಿಲ್ಲ. ಸಿಳ್ಳು ನನಗ ಕೇಳಿಸಲಿಲ್ಲ. ನನಗ ಕಿವಿ ಕೇಳಂಗಿಲ್ಲ, ಎರಡು ವರ್ಷಾತು. ಯಾರ ಮುಂದೂ ಹೇಳಬ್ಯಾಡ."

ಹುಲ್ಲಪ್ಪ ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡ. ಹಿಂದಿನ ಮೂವರೂ ಹಣಮೇಶನನ್ನೇ ನೋಡುತ್ತಿದ್ದರು. ಬಸ್ಸಿಗೆ ಕಾದ ಹೆಂಗಸರು ಇತ್ತ ತಿರುಗಿದ್ದರು. ಚಹಾ ಸೋಸುವವನ ಕೈ ಅಲ್ಲೇ ನಿಂತಿತ್ತು. ಯಾಕೆ ಎಲ್ಲರೂ ನೋಡುತ್ತಿದ್ದಾರೆ ಎಂದು ಹಣಮೇಶನಿಗೆ ಕ್ಷಣ ತಿಳಿಯಲಿಲ್ಲ. ಅಂದಾನಪ್ಪ ಪೇಪರ್ ಕೆಳಗಿಳಿಸಿ ನೋಡಿದ, ಆಮೇಲೆ ಕಣ್ಣು ತಗ್ಗಿಸಿ ಪೇಪರನ್ನು ನಿಧಾನವಾಗಿ ಮಡಚತೊಡಗಿದ. ಆಗ ತಿಳಿಯಿತು. ತಾನು ಪಿಸುಗುಟ್ಟಿರಲಿಲ್ಲ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ್ದ.

ಅವನು ಅಲ್ಲಿಯೇ ಕುಕ್ಕರಿಸಿದ. ಬಾದಾಮಿ ಬಸ್ ಬಂತು, ಕೆಲವರು ಹತ್ತಿದರು, ಕಿಟಕಿಗಳಿಂದಲೂ ನೋಡಿದರು. ಹುಲ್ಲಪ್ಪ ಏನೋ ಹೇಳಿದ. ಹಣಮೇಶ ಮೀಸೆಯನ್ನು ನೋಡಿದ, ತಿಳಿಯಲಿಲ್ಲ. ಹುಲ್ಲಪ್ಪ ಮತ್ತೆ ಹೇಳಿದ. ಆಗ ಜುಬೇರ ಎದ್ದು ಬಂದು, ತನ್ನ ಮೇಲ್ದುಟಿಯ ಮೇಲೆ ಬೆರಳಿಟ್ಟು ಹುಲ್ಲಪ್ಪನಿಗೆ ಸನ್ನೆ ಮಾಡಿ ತೋರಿಸಿದ.

ಹುಲ್ಲಪ್ಪ ಹಿಂದಿನವರನ್ನು ಕೈಬೀಸಿ ಕಳಿಸಿದ. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಹಣಮೇಶನ ಎದುರು ನೆಲಕ್ಕೆ ಕುಳಿತ. ಎರಡೂ ಕೈಯ ಬೆರಳುಗಳಿಂದ ಮೀಸೆಯನ್ನು ಎಡಕ್ಕೂ ಬಲಕ್ಕೂ ಸರಿಸಿ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಕೇಳಿದ.

"ಕೇಳಿಸ್ತು ಅಂತ ಯಾಕ ಅಂದಿ?"

ಹಣಮೇಶ ಒಮ್ಮೆ ಬೆಂಚಿನ ಮೇಲಿನ ಅಂದಾನಪ್ಪನತ್ತ ನೋಡಿ ಮತ್ತೆ ಇತ್ತ ತಿರುಗಿದ. ಎದುರಿಗೆ ಮುದುಕ ಮೀಸೆಯನ್ನು ಹಾಗೆಯೇ ಸರಿಸಿ ಹಿಡಿದುಕೊಂಡು ಕುಳಿತಿದ್ದ.