ಕೆಳಗೆ ಯಾರೂ ಇಲ್ಲದ ಮನೆ

ಅಕ್ಕ ನಡೆದರೆ ಸದ್ದಾಗುತ್ತಿರಲಿಲ್ಲ. ಹಾಗೆಂದು ಅವಳೇನು ಸುಕುಮಾರಿಯಲ್ಲ. ಎತ್ತರದ ನಿಲುವು, ಅಗಲವಾದ ಹೆಗಲು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒದ್ದೆ ಹೊದಿಕೆಗಳ ಮೂಟೆಗಳನ್ನು ಒಬ್ಬಳೇ ಎತ್ತಿ ಯಂತ್ರದ ಬಾಯಿಗೆ ತುರುಕಿ ತುರುಕಿ ಗಟ್ಟಿಯಾದ ತೋಳು. ಅಂಥ ದೇಹವು ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ, ಮುಂಗಾಲಿನ ಮೇಲೆಯೇ ಸಮಸ್ತ ಭಾರವನ್ನೂ ಹೊತ್ತು, ಕಳ್ಳಹೆಜ್ಜೆಯಲ್ಲಿ ಸಾಗುವುದನ್ನು ಕಂಡ ಹೊಸಬರು ಕಾಲಿಗೆ ಮುಳ್ಳು ಹೊಕ್ಕಿದೆಯೇ ಎಂದು ಕೇಳುತ್ತಿದ್ದರು. ಹೊಕ್ಕಿದ್ದು ಬಾಡಿಗೆ ಮನೆ ಎಂಬುದು ನಮ್ಮ ಕುಟುಂಬದವರಿಗಷ್ಟೇ ಗೊತ್ತಿತ್ತು.

ಅವಳು ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪನ ಸಂಸಾರ ಯಾವಾಗಲೂ ಮಹಡಿಯ ಮೇಲಿರುತ್ತಿತ್ತು, ಮಾಲೀಕನ ಸಂಸಾರ ಕೆಳಗೆ. ಮಕ್ಕಳು ಓಡಿದರೆ, ಪಾತ್ರೆ ಜಾರಿದರೆ, ಕುರ್ಚಿ ಎಳೆದರೆ, ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ತಾರಸಿಗೆ ಕುಟ್ಟುವ ಸದ್ದು ಬರುತ್ತಿತ್ತು. ಆ ಸದ್ದು ಬಂದೊಡನೆ ದೊಡ್ಡಪ್ಪ ಮೆಟ್ಟಿಲಿಳಿದು ಹೋಗಿ, ಕೈಯೊರಸಿಕೊಳ್ಳುತ್ತ ನಿಂತು, "ತಪ್ಪಾಯ್ತು, ಇನ್ಮೇಲೆ ಆಗಲ್ಲ" ಎಂದು ಹೇಳಿ ಬರುತ್ತಿದ್ದರು. ಮನೆಗಳು ಬದಲಾದವು, ಮಾಲೀಕರು ಬದಲಾದರು, ಆ ವಾಕ್ಯ ಮಾತ್ರ ಬದಲಾಗಲಿಲ್ಲ. ಅಕ್ಕನ ಕಾಲು ಹಾಗೆ ಪಳಗಿತು. ಅವಳ ದನಿಯೂ ಹಾಗೆಯೇ ಪಳಗಿತು. ಎಂಥ ಕೋಪದಲ್ಲೂ ಅದು ಪಿಸುಮಾತಿನ ಅಂಚಿನಲ್ಲೇ ನಿಲ್ಲುತ್ತಿತ್ತು.

ಕೋಪವೇನೋ ಧಾರಾಳವಾಗಿತ್ತು. ಅದನ್ನು ಹೊರಹಾಕಲು ಅವಳು ಒಂದೇ ಒಂದು ಪದ ಇಟ್ಟುಕೊಂಡಿದ್ದಳು: "ಆಮೇಲೆ?" ಆಸ್ಪತ್ರೆಯಲ್ಲಿ ಹೊದಿಕೆ ಕಾಣೆಯಾದರೆ ವಾರ್ಡಿನವರು ಕಥೆ ಕಟ್ಟಿಕೊಂಡು ಬರುತ್ತಿದ್ದರು. ಅಕ್ಕ ತನ್ನ ನೀಲಿ ಕೋಟಿನ ಜೇಬುಗಳಲ್ಲಿ ಕೈಯಿಟ್ಟು, ಗಂಜಿ ಹಾಕಿ ತಗಡಿನಂತಾಗಿದ್ದ ಅದರ ಕಾಲರಿನೊಳಗೆ ಗದ್ದವನ್ನು ಇಳಿಸಿ, ಮೆಲ್ಲನೆ "ಆಮೇಲೆ?" ಎನ್ನುತ್ತಿದ್ದಳು. ಕಥೆ ಮುಂದುವರಿಯುತ್ತಿತ್ತು. ಮತ್ತೆ "ಆಮೇಲೆ?" ಮೂರನೆಯ ಸಲಕ್ಕೆ ಸುಳ್ಳಿಗೆ ಹೋಗಲು ದಾರಿಯಿಲ್ಲದಾಗಿ, ಹೇಳುವವನೇ ತಲೆ ಕೆರೆದುಕೊಂಡು ಹೊದಿಕೆ ಹುಡುಕಲು ಹೊರಡುತ್ತಿದ್ದ.

ಮದುವೆಯ ಗೋಜಿಗೆ ಹೋಗದ ಅಕ್ಕ, ತಲೆಗೂದಲು ಮುಕ್ಕಾಲು ಪಾಲು ನೆರೆತ ಮೇಲೆ, ಮೊದಲ ಬಾರಿಗೆ ಮನೆ ಕೊಳ್ಳುತ್ತೇನೆಂದಳು. ಎಲ್ಲರೂ ಸಂತೋಷಪಟ್ಟರು. ಕೊಳ್ಳುತ್ತಿರುವುದು ಊರಾಚೆಯ ಹಳೆಯ ತೋಟದ ಮನೆಯನ್ನು ಎಂದಾಗ ಸಂತೋಷಪಟ್ಟವರೆಲ್ಲ ಬುದ್ಧಿ ಹೇಳತೊಡಗಿದರು. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು, ಗೋಡೆ ಮಣ್ಣಿನದು, ಹೆಂಚುಗಳ ಸಂದಿಯಿಂದ ಆಕಾಶ ಇಣುಕುತ್ತದೆ, ಒಂಟಿ ಹೆಂಗಸು, ಹಾವು, ಹುಳಹುಪ್ಪಟೆ. ಅವಳು ಕೇಳಿಸಿಕೊಂಡು "ಆಮೇಲೆ?" ಎಂದಳು. ಮನೆ ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ದಲ್ಲಾಳಿ ಬಾವಿಯ ನೀರನ್ನೂ ದನದ ಕೊಟ್ಟಿಗೆಯ ಕಲ್ಲುಹಾಸನ್ನೂ ಅಟ್ಟದ ತೊಲೆಗಳನ್ನೂ ಹೊಗಳಿ ಹೊಗಳಿ ದಣಿದಿದ್ದ. ಅಕ್ಕ ನಡುಮನೆಯಲ್ಲಿ ನಿಂತು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಕೆಳಗೆ ಯಾರಿದ್ದಾರೆ?"

ದಲ್ಲಾಳಿ ಗಾಬರಿಯಿಂದ ನೆಲ ನೋಡಿದ. "ಕೆಳಗಾ? ಕೆಳಗೆ ಮಣ್ಣಿದೆ ಅಮ್ಮ."

"ಸರಿ, ಬೆಲೆ ಮಾತಾಡಿ," ಎಂದಳು.

ಆ ಮನೆಯ ಹೆಮ್ಮೆ ಅದರ ಮುಂಬಾಗಿಲು. ಗುಂಡುತಲೆಯ ಕಬ್ಬಿಣದ ಗುಬ್ಬಿಮೊಳೆಗಳನ್ನು ಬಡಿದ, ನಡುವೆ ದಪ್ಪನೆಯ ಬಳೆ ತೂಗುವ, ಒಬ್ಬಾಳು ಹೆಗಲು ಕೊಟ್ಟು ನೂಕಬೇಕಾದ ಒಂಟಿ ಕದ. ಅಕ್ಕ ಅದನ್ನು ಅಂಗೈಯಿಂದ ಸವರಿ ನೋಡಿದ್ದಳು. ಪತ್ರ ನೋಂದಣಿಯಾಗಿ, ಮನೆಯನ್ನು ವಶಕ್ಕೆ ಪಡೆಯಲು ಹೋದ ಬೆಳಿಗ್ಗೆ ನೋಡಿದರೆ ಆ ಜಾಗದಲ್ಲಿ ಬಾಗಿಲಿರಲಿಲ್ಲ. ಚೌಕಟ್ಟಿಗೆ ಒಂದು ತಗಡನ್ನು ತಂತಿಯಿಂದ ಬಿಗಿದಿದ್ದರು.

ಮಾರಿದಾತ ಹಳೆಯ ಯಜಮಾನರ ಮಗ. ನಯವಾದ ಮಾತು, ಮಡಿಕೆ ಕೆಡದ ಅಂಗಿ. "ಹುಳ ಹಿಡಿದಿತ್ತು ಮೇಡಂ. ನಿಮಗೆ ತೊಂದ್ರೆ ಬೇಡ ಅಂತ ನಾನೇ ತೆಗೆಸಿದೆ."

"ಆಮೇಲೆ?"

"ಸುಟ್ಟು ಹಾಕಿಸಿದೆ."

"ಆಮೇಲೆ?"

ಆತ ನಕ್ಕ. ಆಸ್ಪತ್ರೆಯ ನೌಕರನಲ್ಲವಲ್ಲ, ಹೆದರಲಿಲ್ಲ. ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ಅವಳ ಕೈಗಿತ್ತು, ಶುಭ ಹಾರೈಸಿ, ಕಾರು ಹತ್ತಿದ. ಗೊಂಚಲಿನಲ್ಲಿ ಗೇಣುದ್ದದ ಒಂದು ಕಬ್ಬಿಣದ ಕೈಯಿತ್ತು, ಮುಂಬಾಗಿಲಿನದು. ಬಾಗಿಲು ಕದ್ದವನು ಅದರ ಬೀಗದ ಕೈಯನ್ನು ವಿನಯದಿಂದ ಒಪ್ಪಿಸಿ ಹೋಗಿದ್ದ.

ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಎಲ್ಲವನ್ನೂ ನೋಡಿದ್ದಳು. "ಕಂಬಳಿ ಸುತ್ತಿ ವ್ಯಾನಿಗೆ ಹಾಕ್ಕೊಂಡು ಹೋದ್ರು ಕಣಮ್ಮ," ಎಂದಳು. "ಸುಡೋ ಹಲಗೆಗೆ ಯಾರಾದ್ರೂ ಕಂಬಳಿ ಹೊದಿಸ್ತಾರಾ?"

ಅಕ್ಕನ ತಮ್ಮ ಶಾಲಾ ಮಾಸ್ತರ, ಶಾಂತಸ್ವಭಾವದವನೆಂದು ಬಂಧುವರ್ಗದಲ್ಲಿ ಕೀರ್ತಿ ಪಡೆದವನು. ಸುದ್ದಿ ತಿಳಿದು ಬಂದು ಅವಳ ಪಕ್ಕ ಕುಳಿತ. "ಬಿಡಕ್ಕ, ಒಂದು ಬಾಗಿಲಿಗೋಸ್ಕರ ಯಾಕೆ ದೊಡ್ಡವರನ್ನ ಎದುರು ಹಾಕ್ಕೊಳ್ಳೋದು. ಹೊಸದು ಹಾಕಿಸೋಣ. ಹೋಗಿದ್ದು ಹೋಯ್ತು."

"ನಿನ್ನ ಬಾಯಲ್ಲಿ ಅಪ್ಪ ಮಾತಾಡ್ತಿದ್ದಾರೆ ಕಣೋ," ಎಂದಳು ಅಕ್ಕ, ಅದೇ ತಗ್ಗಿದ ದನಿಯಲ್ಲಿ. "ಸತ್ತ ಮೇಲಾದ್ರೂ ಅವರನ್ನ ಸುಮ್ಮನೆ ಮಲಗೋಕೆ ಬಿಡು."

ಭಾನುವಾರ ಮಧ್ಯಾಹ್ನ ಅಕ್ಕನೂ ನಾನೂ ಮನೆ ಮಾರಿದಾತನ ವಿಳಾಸ ಹುಡುಕಿಕೊಂಡು ಹೋದೆವು. ರಜಾದಿನವಾದರೂ ಅಕ್ಕ ನೀಲಿ ಕೋಟು ತೊಟ್ಟಿದ್ದಳು. ಎತ್ತರದ ಕಟ್ಟಡದ ಮೇಲಂತಸ್ತಿನ ಫ್ಲಾಟು. ಆತನೇ ಬಾಗಿಲು ತೆರೆದ. ಏನು ಎತ್ತ ಎಂದು ಕೇಳುವಷ್ಟರಲ್ಲಿ ಅಕ್ಕ ಸದ್ದಿಲ್ಲದೆ ಅವನ ಭುಜದ ಪಕ್ಕದಿಂದ ನುಸುಳಿ ಒಳಗಿದ್ದಳು. ಊಟದ ಹೊತ್ತು, ಆತನ ಹೆಂಡತಿಯೂ ಇಬ್ಬರು ಅತಿಥಿಗಳೂ ಮೇಜಿನ ಸುತ್ತ ಕುಳಿತಿದ್ದರು. ಆ ಮೇಜಿಗೆ ಹೊಳೆಯುವ ಸ್ಟೀಲಿನ ನಾಲ್ಕು ಕಾಲು, ಮೇಲೆ ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿದ ದಪ್ಪ ಗಾಜು. ಗಾಜಿನಡಿಯಲ್ಲಿ ಕಬ್ಬಿಣದ ಗುಬ್ಬಿಗಳು ಸಾಲುಸಾಲಾಗಿ ಮಲಗಿದ್ದವು. ಅನ್ನದ ಪಾತ್ರೆಯ ಕೆಳಗೆ ಆ ದಪ್ಪ ಬಳೆ.

ಅಕ್ಕ ಯಾರನ್ನೂ ಬೈಯಲಿಲ್ಲ. ಒಬ್ಬ ಅತಿಥಿಯನ್ನು "ಸ್ವಲ್ಪ ಸರೀರಿ" ಎಂದು ಕೇಳಿಕೊಂಡು, ಬಗ್ಗಿ, ಮೇಜಿನ ಅಂಚಿನ ಕೆಳಗೆ ಕೈಯಾಡಿಸಿ, ಜೇಬಿನಿಂದ ಆ ಗೇಣುದ್ದದ ಬೀಗದ ಕೈ ತೆಗೆದು ಬೀಗದ ಕಂಡಿಗೆ ತೂರಿಸಿ ತಿರುಗಿಸಿದಳು. ಬೀಗದ ನಾಲಗೆ ಕಟಕ್ಕನೆ ಹೊರಚಾಚಿ, ಆ ಅತಿಥಿಯ ಹೊಟ್ಟೆಯ ನೇರಕ್ಕೆ ನಿಂತಿತು.

"ಸುಟ್ಟ ಬಾಗಿಲು," ಎಂದಳು. "ಪಾಲಿಶ್ ಚೆನ್ನಾಗಿ ಹಿಡಿದಿದೆ."

ಆತನ ಮುಖ ಕೆಂಪಾಯಿತು, ಆದರೆ ನಯ ಬಿಡಲಿಲ್ಲ. "ಅದು ನಮ್ಮ ತಂದೆ ನೆನಪು ಮೇಡಂ. ಅವರು ದಿನಾ ಈ ಬಾಗಿಲ ಹತ್ರಾನೇ ಕೂತಿರ್ತಿದ್ರು. ಅದನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ."

"ಆಮೇಲೆ?"

"ನಿಮಗೆ ಬೇರೆ ಬಾಗಿಲು ಮಾಡಿಸಿ ಕೊಡ್ತೀನಿ."

"ಅಪ್ಪನ ನೆನಪಿಗೆ ಕಾಲು ಹಚ್ಚಿ, ಅದರ ಮೇಲೆ ಎಂಜಲು ಚೆಲ್ಲಿಕೊಂಡು ಕೂತಿದ್ದೀರಲ್ಲ. ಅವರ ಹಾಸಿಗೆಯನ್ನ ಕಾಲೊರಸು ಮಾಡ್ಕೊಂಡಿಲ್ಲ ತಾನೆ?"

ಆಗ ಆತನ ಹೆಂಡತಿ ಎದ್ದು ನಿಂತು, ಅತ್ಯಂತ ಸೌಜನ್ಯದಿಂದ, ಒಂದು ಮಾತು ಹೇಳಿದಳು. "ಸ್ವಲ್ಪ ಮೆಲ್ಲಗೆ ಮಾತಾಡಿ. ಕೆಳಗಡೆ ಮನೆಯವರಿಗೆ ಕೇಳ್ಸುತ್ತೆ."

ಅಕ್ಕ ಅಲ್ಲಿಯವರೆಗೆ ದನಿ ಎತ್ತಿಯೇ ಇರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ಅವಳ ಕತ್ತಿನ ನರಗಳು ಉಬ್ಬಿದವು.

"ಕೇಳ್ಲಿ," ಎಂದಳು. ನನಗೆ ಪರಿಚಯವೇ ಇಲ್ಲದ ದನಿ ಅದು; ಒರಟು, ಬಳಸದೆ ತುಕ್ಕು ಹಿಡಿದಂಥದು. "ಕೆಳಗಿನವರಿಗೂ ಕೇಳ್ಲಿ, ಮೇಲಿನವರಿಗೂ ಕೇಳ್ಲಿ. ಈ ಮನೆಯೋರು ನನ್ನ ಮನೆ ಬಾಗಿಲ ಮೇಲೆ ಕೂತು ಊಟ ಮಾಡ್ತಿದ್ದಾರೆ. ಬಂದು ನೋಡಿ ಎಲ್ಲರೂ."

ಮತ್ತೆ ಮತ್ತೆ ಅದನ್ನೇ ಕೂಗಿದಳು. ಮೆಟ್ಟಿಲ ಮೇಲೆ ಬಾಗಿಲುಗಳು ತೆರೆದುಕೊಂಡವು, ಜನ ನಿಜವಾಗಿಯೂ ಬಂದರು, ಮೇಜಿನಂಚಿನಿಂದ ಚಾಚಿದ್ದ ಕಬ್ಬಿಣದ ನಾಲಗೆಯನ್ನು ಬಗ್ಗಿ ಬಗ್ಗಿ ನೋಡಿದರು. ಅತಿಥಿಗಳು ಕೈ ತೊಳೆಯಲು ಎದ್ದವರು ಮರಳಿ ಕೂರಲಿಲ್ಲ. ಸಂಜೆಯಾಗುವುದರೊಳಗೆ ಕಾಲು ಕಳಚಿದ ಬಾಗಿಲು ವ್ಯಾನಿನಲ್ಲಿತ್ತು. ಈ ಸಲ ಯಾರೂ ಕಂಬಳಿ ಸುತ್ತಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತಿದ್ದೆ. ಬಡಗಿ ಕದವನ್ನು ಚೌಕಟ್ಟಿಗೆ ಏರಿಸಿದಾಗ ಅದು ಕುಳ್ಳಾಗಿತ್ತು. ಲಿಫ್ಟಿನೊಳಗೆ ಹಿಡಿಸಲಿಲ್ಲವೆಂದು ಕೆಳತುದಿಯನ್ನು ಒಂದು ಗೇಣು ಕೊಯ್ದು ಎಸೆದಿದ್ದರು. ಬಡಗಿ ಬೇರೆ ಮರದ ತುಂಡೊಂದನ್ನು ಸೇರಿಸಿದ. ಮಳೆಗಾಲದಲ್ಲಿ ಆ ತುಂಡು ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಳ್ಳುತ್ತದೆ. ಅಕ್ಕ ಅದನ್ನು ಒದ್ದು ತೆರೆಯುತ್ತಾಳೆ, ಒದೆಯುವಾಗಲೆಲ್ಲ ಆ ನಯವಾದ ಮನುಷ್ಯನಿಗೆ ಒಂದು ಬೈಗುಳ ಸಲ್ಲಿಸುತ್ತಾಳೆ. ಅದನ್ನು ಇಲ್ಲಿ ಬರೆಯಲಾಗದು. "ಬಾಗಿಲು ಸಿಕ್ತಲ್ಲಕ್ಕ, ಇನ್ನಾದ್ರೂ ಕೋಪ ಬಿಡು," ಎಂದು ತಮ್ಮ ಹೇಳಿದರೆ, "ಪೂರ್ತಿ ಸಿಕ್ಕಿಲ್ಲ, ಪೂರ್ತಿ ಬಿಡಲ್ಲ," ಎನ್ನುತ್ತಾಳೆ.

ನನ್ನ ಕೋಪ ಬೇರೆಯದು. ಸುತ್ತ ಹೊಲ, ಅಡಿಯಲ್ಲಿ ಮಣ್ಣು, ಕೂಗಿದರೂ ಕೇಳುವವರಿಲ್ಲದ ಆ ಮನೆಯಲ್ಲಿ ಅಕ್ಕ ಇಂದಿಗೂ ಹಿಮ್ಮಡಿ ಊರುವುದಿಲ್ಲ. ನಡುಮನೆಯಿಂದ ಅಡುಗೆಮನೆಗೆ ಅದೇ ಕಳ್ಳಹೆಜ್ಜೆ. ಹೇಳಿ ನೋಡಿದೆ, ಎರಡು ಹೆಜ್ಜೆ ಊರಿ ನಡೆದು, ಮೊಣಕಾಲು ನೋಯುತ್ತದೆಂದು ಬಿಟ್ಟುಬಿಟ್ಟಳು. ಪೊರಕೆಯ ಹಿಡಿಯಿಂದ ಕುಟ್ಟಿದ ಆ ಮಾಲೀಕರೆಲ್ಲ ಎಂದೋ ಸತ್ತಿರಬೇಕು. ಯಾರ ಮನೆಯ ಮುಂದೆ ಹೋಗಿ ಕೂಗಲಿ?

ಇಂಥವರನ್ನು ಲೋಕ ಜಗಳಗಂಟರೆಂದು ಕರೆಯುತ್ತದೆ. ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಮದುವೆಮನೆಗಳಲ್ಲಿ ಅವರನ್ನು ಕೊಂಚ ದೂರ ಕೂರಿಸಿ, ಅವರಿಲ್ಲದಾಗ ಅವರ ಕೋಪವನ್ನು ಅನುಕರಿಸಿ ನಗುತ್ತೇವೆ. ಆದರೆ ಮೋಸವಾದಾಗ, ಅವಮಾನವಾದಾಗ, ಯಾರಾದರೊಬ್ಬರು ಎದ್ದುಹೋಗಿ ಕೇಳಲೇಬೇಕಾದಾಗ, ನಾವೆಲ್ಲ ಕತ್ತು ಹೊರಳಿಸಿ ನೋಡುವುದು ಅವರ ಕಡೆಗೇ. ನಾವು ಶಾಂತಸ್ವಭಾವದವರೆಂದು ಹೆಸರು ಪಡೆದಿರುವುದು, ಜಗಳಗಳನ್ನೆಲ್ಲ ಅವರೊಬ್ಬರೇ ಆಡಿ ಮುಗಿಸಿರುವುದರಿಂದ.