ಬಟ್ಟೆಯ ಏಣಿ

ಮೂರನೆಯದೂ ಮಗುಚಿ ಬಿದ್ದಿತ್ತು. ಎಂಟು ಕಾಲುಗಳನ್ನೂ ಎದೆಗೆ ಮಡಚಿಕೊಂಡು, ಮುಷ್ಟಿ ಕಟ್ಟಿದ ಎಳೆಗೂಸಿನ ಕೈಯ ಹಾಗೆ. ಅವಳು ಗಾಜಿನ ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದಳು. ಜೇಡ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿತು, ಅಷ್ಟೆ. ಅಡುಗೆಮನೆಯಲ್ಲಿ ಗಂಡ ಚಹಾ ಸೋಸುವ ಸದ್ದು ಕೇಳುತ್ತಿತ್ತು. ಅವನು ಕೆಲಸಕ್ಕೆ ಹೊರಡುವ ಹೊತ್ತು.

ಅವನದು ಮನೆಮನೆಗೆ ಹೋಗಿ ಔಷಧಿ ಹೊಡೆಯುವ ಕೆಲಸ. ಜಿರಲೆ, ತಿಗಣೆ, ಗೆದ್ದಲು, ಇರುವೆ. ಬೆನ್ನಿಗೆ ಟ್ಯಾಂಕು ಹೊತ್ತು ಇಪ್ಪತ್ತೆರಡು ವರ್ಷವಾಗಿತ್ತು. ಬೀದಿಯವರು ಅವನನ್ನು ಜಿರಲೆ ಸಾಹೇಬರು ಎನ್ನುತ್ತಿದ್ದರು. ಅವನೂ ನಗುತ್ತಲೇ ಓಗೊಡುತ್ತಿದ್ದ.

ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಗರ್ಭಕೋಶ ತೆಗೆಸಿಕೊಂಡು ಮಲಗಿದ್ದಾಗ ನೋಡಲು ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋಗಿದ್ದರು. ಒಳ್ಳೆಯದೇ ಆಯಿತು ಬಿಡು, ಇನ್ನು ತಿಂಗಳ ಕಾಟವಿಲ್ಲ ಎಂದಿದ್ದಳು ಅಕ್ಕ. ಮಕ್ಕಳಿಲ್ಲದವಳಿಗೆ ಆ ಮಾತು ಎಲ್ಲಿ ಹೋಗಿ ನಾಟುತ್ತದೆಂದು ಅಕ್ಕನಿಗೆ ಹೊಳೆದಿರಲಿಲ್ಲ. ಏನೂ ಹೇಳದೆ ಜೊತೆಗಿದ್ದದ್ದು ಅಲಮಾರಿನ ಹಿಂದಿನ ಮೂಲೆಯ ಜೇಡ ಒಂದೇ. ಅಂಗೈ ಅಗಲದ್ದು, ಕಂದು ಬಣ್ಣದ್ದು. ಸಂಜೆಯಾದರೆ ಬಲೆಯ ಬಾಯಿಗೆ ಬಂದು ಕೂರುತ್ತಿತ್ತು. ಅವಳು ದಿಂಬಿನ ಮೇಲಿನಿಂದ ಅದನ್ನು ನೋಡುತ್ತ ಮಲಗಿರುತ್ತಿದ್ದಳು.

ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಅದೇ ಜೇಡ ವಾಶ್ ಬೇಸಿನ್ನಿಗೆ ಬಿದ್ದು, ನುಣುಪಾದ ಬಿಳಿ ಗೋಡೆ ಹತ್ತಲಾಗದೆ ಹತ್ತಿ ಹತ್ತಿ ಜಾರುತ್ತಿತ್ತು. ಅವಳು ಗಿರಾಕಿಯೊಬ್ಬರ ಪರದೆಯಲ್ಲಿ ಉಳಿದ ತುಂಡೊಂದನ್ನು ಇಳಿಬಿಟ್ಟಳು. ಜೇಡ ಅದನ್ನು ಹಿಡಿದು ಹತ್ತಿ ನೇರ ಅವಳ ಮಣಿಕಟ್ಟಿಗೇ ಬಂತು. ಆ ಪುಳಕ ಭಯದ್ದೋ ಬೇರೆ ಯಾವುದರದ್ದೋ ಅವಳಿಗೆ ತಿಳಿಯಲಿಲ್ಲ. ಅದಕ್ಕೆ ದೊಡ್ಡವಳು ಎಂದು ಹೆಸರಿಟ್ಟಳು. ಆಮೇಲೆ ಕುಂಟಿ ಬಂದಳು, ಏಳೇ ಕಾಲಿನವಳು. ಮತ್ತೆ ಮುಂಗೋಪಿ, ಮತ್ತೆ ನಾಚಿಕೆಯವಳು. ಒಂದೊಂದಕ್ಕೆ ಒಂದೊಂದು ಅಗಲ ಬಾಯಿಯ ಭರಣಿ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ, ಒಳಗೆ ಗಾಜಿಗೆ ತಾಗಿದಂತೆ ಹತ್ತಲು ಇಳಿಯಲು ಒಂದು ಬಟ್ಟೆಯ ಪಟ್ಟಿ. ನಾಲ್ಕು ದಿನಕ್ಕೊಮ್ಮೆ ನೊಣ, ಹತ್ತಿಯಲ್ಲಿ ಒಂದೆರಡು ಹನಿ ನೀರು.

ಊರೆಲ್ಲ ಕೊಂದು ಬರುವುದು ನನ್ನ ಪಾಲು, ಮನೆಯಲ್ಲಿ ಸಾಕುವುದು ನಿನ್ನ ಪಾಲು, ಒಳ್ಳೆ ಸಂಸಾರ ಎಂದು ಗಂಡ ತಮಾಷೆ ಮಾಡುತ್ತಿದ್ದ. ತಮಾಷೆ ನಿಂತದ್ದು ಹೋದ ತಿಂಗಳು. ಕೆಲಸ ಒಪ್ಪಿಸಲು ಬಂದ ಲಾಡ್ಜಿನ ಮ್ಯಾನೇಜರು ಭರಣಿಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ನಿಮ್ಮ ಮನೆಯದನ್ನೇ ಓಡಿಸದವರು ನಮ್ಮದನ್ನು ಏನು ಓಡಿಸುತ್ತೀರಿ ಎಂದು ಬೇರೆಯವರನ್ನು ಕರೆಸಿಕೊಂಡ. ಅವತ್ತು ಗಂಡ ಊಟ ಅರ್ಧಕ್ಕೆ ಬಿಟ್ಟೆದ್ದು, ಒಂದು ದಿನ ಎಲ್ಲ ಸಾಫ್ ಮಾಡುತ್ತೇನೆ ನೋಡು ಎಂದಿದ್ದ. ಅವಳು ಭರಣಿಗಳನ್ನು ಹೊಲಿಗೆಯ ಕೋಣೆಗೆ ಸಾಗಿಸಿ ಬೀಗ ಹಾಕಿದಳು. ಬೀಗದ ಇನ್ನೊಂದು ಕೀಲಿ ಅವನ ಗೊಂಚಲಲ್ಲಿತ್ತು. ಅದಾಗಿ ವಾರಕ್ಕೆ ಕುಂಟಿ ಸತ್ತಳು. ಮುಂಗೋಪಿ ಸತ್ತಳು. ಇವತ್ತು ನಾಚಿಕೆಯವಳು.

ಅವಳು ಭರಣಿಯನ್ನು ತಂದು ಅವನ ಲೋಟದ ಪಕ್ಕಕ್ಕೆ ಇಟ್ಟಳು.

"ನೀವೇ ತಾನೆ?"

ಅವನು ಭರಣಿಯನ್ನು ನೋಡಿದ, ಅವಳನ್ನು ನೋಡಿದ. "ಕೊಲ್ಲೋದು ನನ್ನ ಕೆಲಸ ಕಣೆ. ಕದ್ದು ಕೊಲ್ಲೋದಲ್ಲ."

"ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದೋರಿಗೆ ಕದ್ದರೇನು, ಹೇಳಿದರೇನು."

ಅವನ ಮುಖ ಚಪ್ಪೆಯಾಯಿತು. ಆದರೂ ಲೋಟ ಸರಿಸಿ, ಭರಣಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದ. ಸಾಯುವ ಮುಂಚೆ ಹೇಗಿತ್ತು ಎಂದು ಕೇಳಿದ. ಎರಡು ದಿನ ಕಾದ ಹೆಂಚಿನ ಮೇಲೆ ನಡೆದ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತಿತ್ತು, ಮಗುಚಿ ಬಿದ್ದರೆ ಏಳಲಾಗುತ್ತಿರಲಿಲ್ಲ ಎಂದಳು ಅವಳು. ಅವನು ತಲೆಯಾಡಿಸಿದ. ಅದು ಔಷಧಿಯ ಸಾವು. ಅವನಿಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು? ಆದರೆ ಟ್ಯಾಂಕು ಕಂಪನಿಯ ಗೋಡೌನಿನಲ್ಲೇ ಇರುತ್ತದೆ, ಮನೆಗೆ ಬರುವುದಿಲ್ಲ. ಮತ್ತೆ, ದೊಡ್ಡವಳು ಅದೇ ಕೋಣೆಯಲ್ಲಿ ಏನೂ ಆಗದೆ ಕೂತಿದ್ದಾಳೆ. ಅದೊಂದು ಹೇಗೆ ಉಳಿಯಿತು ಎಂದು ಅವನು ತನ್ನನ್ನೇ ಕೇಳಿಕೊಂಡವನಂತೆ ಗೊಣಗಿದ. ಆಮೇಲೆ ಭರಣಿಯ ಬಾಯಿ ಬಿಚ್ಚಿ, ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದ.

"ಇದು ಯಾವ ಬಟ್ಟೆ?"

"ನಿಮ್ಮದೇ. ತೋಳು ಹರಿದಿತ್ತಲ್ಲ, ಆ ಕೆಲಸದ ಅಂಗಿ. ದಪ್ಪಗಿದೆ, ಕಾಲಿಗೆ ಹಿಡಿತ ಸಿಗತ್ತೆ ಅಂತ ಕೋಣೆಗೆ ಸಾಗಿಸಿದ ದಿನವೇ ಬದಲಾಯಿಸಿದೆ. ದೊಡ್ಡವಳಿಗೆ ಮಾತ್ರ ಹಳೇ ಪರದೆ ತುಂಡೇ ಇದೆ."

"ಒಗೆದಿದ್ದೆಯಾ?"

"ವರ್ಷಗಟ್ಟಲೆ ಒಗೆದ ಅಂಗಿ ಅಲ್ವಾ ಅದು? ಕತ್ತರಿಸೋ ಮುಂಚೆ ಎರಡು ಸಲ ಕುದಿಸಿದೀನಿ."

ಅವನು ಪಟ್ಟಿಯನ್ನು ಮೇಜಿನ ಮೇಲೆ ಇಡಲು ಹೋಗಿ ಇಡಲಿಲ್ಲ. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಅವಳ ಕಣ್ಣು ತಾನಾಗಿಯೇ ಮಲಗುವ ಕೋಣೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದ್ದ ಇನ್ನೊಂದು ಕೆಲಸದ ಅಂಗಿಯತ್ತ ಹೋಯಿತು. ಅವನ ಬಟ್ಟೆ, ತನ್ನ ಬಟ್ಟೆ, ದಿಂಬಿನ ಚೀಲ, ಎಲ್ಲ ಒಂದೇ ಬಕೆಟ್ಟು. ಉಜ್ಜುವುದು ಇದೇ ಎರಡು ಕೈ. ಬಂದವನನ್ನು ಬಾಗಿಲಲ್ಲೇ ತಬ್ಬಿಕೊಳ್ಳುತ್ತಿದ್ದ ಮದುವೆಯ ಮೊದಲ ವರ್ಷಗಳೂ ನೆನಪಾದವು, ಎರಡು ಸಲ ನಿಂತು ಎರಡು ಸಲವೂ ಮೂರನೇ ತಿಂಗಳಿಗೆ ಹೋದ ಬಸಿರೂ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಿರಲಿಲ್ಲ. ಇಲ್ಲವೆಂದೂ ಹೇಳಿರಲಿಲ್ಲ.

ಅವನು ಸೋಪು ಹಾಕಿ ಕೈ ತೊಳೆಯುತ್ತ ಬಹಳ ಹೊತ್ತು ನಲ್ಲಿಯ ಹತ್ತಿರ ನಿಂತ. ಬೆನ್ನು ತಿರುಗಿಸಿಯೇ ಮಾತಾಡಿದ.

"ಆಪರೇಷನ್ ದಿನ ಡಾಕ್ಟರು ನನ್ನನ್ನ ಹೊರಗೆ ಕರೆದು ಕೇಳಿದ್ರು. ಮನೇಲಿ ಯಾರು ಏನು ಕೆಲಸ ಮಾಡ್ತೀರಿ ಅಂತ."

ಅವಳು ಭರಣಿಯ ಬಾಯಿ ಮುಚ್ಚಿದಳು.

"ಗೋಡೆಗೆ ಬಣ್ಣ ಹೊಡೀತೀನಿ ಅಂದೆ."

"ಯಾಕೆ?"

"ಯಾಕೋ. ನಾಚಿಕೆ ಆಯ್ತು. ಹೆದರಿಕೆಯೂ ಆಯ್ತು." ನಲ್ಲಿ ನಿಲ್ಲಿಸಿದ. "ಅವರು ಬರ್ಕೊಂಡ್ರು."

ಅವನು ಹೋದ ಮೇಲೆ ಅವಳು ಮೆಷಿನ್ನಿನ ಮುಂದೆ ಕೂತಳು. ಗಿರಾಕಿಯ ರವಿಕೆಗೆ ತೋಳು ಕೂಡಿಸಬೇಕಿತ್ತು. ಬಲದ್ದನ್ನು ಎಡಕ್ಕೆ ಕೂಡಿಸಿ, ಬಿಚ್ಚಿ, ಮತ್ತೆ ಅದನ್ನೇ ಮಾಡಿದಳು. ಬೆಳಿಗ್ಗೆ ತಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ಮರುಗಳಿಗೆಗೇ ಅದಕ್ಕಿಂತ ಹತ್ತು ಪಟ್ಟು ಕೆಟ್ಟ ಮಾತು ಬಾಯಿಗೆ ಬಂತು. ಎರಡನ್ನೂ ಕೇಳುವವರು ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಸತ್ತ ಜೇಡವನ್ನು ಕಾಗದದಲ್ಲಿ ಸುತ್ತಿದಳು. ಮೊಳೆಯ ಮೇಲಿನ ಅಂಗಿಯನ್ನು ಕೋಲಿನಿಂದ ಎತ್ತಿ ಹಿತ್ತಲಿಗೆ ಹಾಕಿದಳು. ಕೋಲಿನಿಂದ ಎತ್ತುವಾಗ ಅಳು ಬಂತು.

ಸಂಜೆ ಕರೆಗಂಟೆ ಆಯಿತು. ಕೀಲಿ ಇದ್ದ ಅವನು ಎಂದೂ ಗಂಟೆ ಒತ್ತಿದವನಲ್ಲ. ಬಾಗಿಲು ತೆಗೆದರೆ ಹೊಸ್ತಿಲಿನಿಂದ ಎರಡು ಹೆಜ್ಜೆ ದೂರದಲ್ಲಿ, ಮೆಟ್ಟಿಲ ಕಟಾಂಜನಕ್ಕೆ ಒತ್ತಿಕೊಂಡು ನಿಂತಿದ್ದ. ಒಂದು ಟವೆಲ್ಲು, ಒಂದು ಚೀಲ ಕೊಡು, ಇಲ್ಲೇ ಬಿಚ್ಚಿ ಹಾಕಿ ಬರುತ್ತೇನೆ ಎಂದ. ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲು ಇಳಿಯುತ್ತ, ಇದೇನು ಸಾಹೇಬರೇ, ಮನೆಯಿಂದ ಹೊರಗೆ ಹಾಕಿದರಾ ಎಂದು ನಕ್ಕು ದಾಟಿದರು. ಅವನೂ ನಗಲು ನೋಡಿದ.

ಅವಳು ಟವೆಲ್ಲು, ಚೀಲ ತಂದಳು. ನೀಡಿದ ಅವನ ಕೈಗೆ ಕೊಡದೆ ಕಟಾಂಜನದ ಮೇಲೆ ಹಾಕಿ, ಹೊಸ್ತಿಲು ದಾಟಿ ಅವನ ಎದುರು ನಿಂತಳು. ಅವನ ಅಂಗಿಯ ಕೊರಳಿನ ಗುಂಡಿಗೆ ಬೆರಳು ಹಾಕಿದಳು.

"ಮುಟ್ಬೇಡ," ಎಂದ ಅವನು.

"ನೆಟ್ಟಗೆ ನಿಂತ್ಕೊಳ್ಳಿ," ಎಂದಳು, ಅಳತೆ ತೆಗೆಯುವಾಗ ಗಿರಾಕಿಗಳಿಗೆ ಹೇಳುವ ದನಿಯಲ್ಲಿ.

ಮೊದಲನೆಯ ಗುಂಡಿ ಬಿಚ್ಚಿತು. ಎರಡನೆಯದರ ಕಾಜ ಬಿಗಿಯಾಗಿತ್ತು. ಅವಳು ತಲೆ ತಗ್ಗಿಸಿ ಉಗುರಿನಿಂದ ಅದನ್ನು ಬಿಡಿಸತೊಡಗಿದಳು.